ಬೆಂಗಳೂರಿನ ಅಳಿದ ಕಟ್ಟಡಗಳು: ಕೆಡವಿದ ಕಾರಣಗಳ ಮೇಲೊಂದು ಟಿಪ್ಪಣಿ

ಬೆಂಗಳೂರಿನ ಹಳೆಯ ಕಟ್ಟಡಗಳು ನೆಲಸಮವಾದದ್ದು 1990ರ ದಶಕದ ನಂತರ, ಸಾಫ್ಟ್‌ವೇರ್ ಉದ್ಯಮ ಬೆಳೆದು ನಿವೇಶನಗಳ ಬೆಲೆ ಏರಿದ ಮೇಲೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಇದರಲ್ಲಿ ಸತ್ಯಾಂಶವಿದೆ. ಆದರೆ ಅಳಿವುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದಾಗ ಬೇರೆಯೇ ಚಿತ್ರ ಮೂಡುತ್ತದೆ. ಈ ನಗರದ ಮೊದಲ ದೊಡ್ಡ ಅಳಿವು ನಡೆದದ್ದು ವಸಾಹತು ಕಾಲದಲ್ಲೇ. ಆಮೇಲೆ ಬೇರೆ ಬೇರೆ ಘಟ್ಟಗಳಲ್ಲಿ ಬೇರೆ ಬೇರೆ ಕಾರಣಕ್ಕೆ ಬೇರೆ ಬೇರೆ ಬಗೆಯ ಕಟ್ಟಡಗಳು ಹೋದವು. ಯಾವುದನ್ನು ಕಟ್ಟಿದರು ಎಂಬಷ್ಟೇ ಯಾವುದನ್ನು ಏಕೆ ಕೆಡವಿದರು ಎಂಬುದೂ ಚರಿತ್ರೆಗೆ ಆಧಾರವೆಂದು ತೋರಿಸುವುದು ಈ ಟಿಪ್ಪಣಿಯ ಉದ್ದೇಶ.

ಎರಡು ಊರು, ಎರಡು ಆಡಳಿತ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಪಡೆ ಮೊದಲು ಅಲ್ಲಿಯೇ ಬೀಡುಬಿಟ್ಟಿತ್ತು. ಜ್ವರದಿಂದ ಸೈನಿಕರು ನರಳಿದ್ದರಿಂದ ಎತ್ತರದ, ತಂಪು ಹವೆಯ ಬೆಂಗಳೂರನ್ನು ಆರಿಸಿಕೊಳ್ಳಲಾಯಿತು. 1809ರಲ್ಲಿ ಹಲಸೂರಿನ ಸುತ್ತಲಿನ ಬಯಲಿನಲ್ಲಿ ದಂಡು ಪ್ರದೇಶ ನೆಲೆಗೊಂಡಿತು. ಪಶ್ಚಿಮಕ್ಕೆ ಕೆಂಪೇಗೌಡರ ಕಾಲದ ಪೇಟೆ, ಅದರ ದಕ್ಷಿಣಕ್ಕೆ ಕೋಟೆ, ಪೂರ್ವಕ್ಕೆ ದಂಡು. ನಡುವೆ ಕೆರೆ, ತೋಟ, ಬಯಲು.

1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡಾಗ ಕಮಿಷನರರ ಕಚೇರಿ ಬೆಂಗಳೂರಿಗೆ ಬಂತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಇಲ್ಲಿಂದಲೇ ಆಳಿದರು. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂತು. 1881ರಲ್ಲಿ ಒಡೆಯರಿಗೆ ರಾಜ್ಯವನ್ನು ಮರಳಿಸಿದಾಗಲೂ ಬ್ರಿಟಿಷರು ದಂಡನ್ನು ಬಿಟ್ಟುಕೊಡಲಿಲ್ಲ. ಅದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಮೈಸೂರಿಗೆ ಅದು ಮರಳಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮೊದಲು. ಎರಡೂ ಪುರಸಭೆಗಳು ಸೇರಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ.

ಈ ಇಬ್ಭಾಗದ ಫಲ ಕಾಗದಪತ್ರಗಳಲ್ಲಿ ಇಂದಿಗೂ ಕಾಣುತ್ತದೆ. ಮೈಸೂರು ಸರ್ಕಾರದ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ. ರೆಸಿಡೆನ್ಸಿಯ ಕಡತಗಳನ್ನು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ನೋಡಬೇಕು. ದಂಡಿನಲ್ಲಿದ್ದದ್ದು ಮದ್ರಾಸ್ ಸೇನೆಯಾದ್ದರಿಂದ ಅದರ ಎಷ್ಟೋ ವಿವರ ಚೆನ್ನೈನ ಎಗ್ಮೋರಿನಲ್ಲಿದೆ. ಇಂಡಿಯಾ ಆಫೀಸಿನ ದಾಖಲೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಪೇಟೆಗೂ ದಂಡಿಗೂ ನಡುವಿನ ಪಟ್ಟಿಯಲ್ಲಿದ್ದ ಒಂದು ಕಟ್ಟಡದ ಚರಿತ್ರೆ ಹೀಗೆ ನಾಲ್ಕು ಕಡೆ ಹರಿದು ಹಂಚಿಹೋಗಿರುತ್ತದೆ. ಬೆಂಗಳೂರಿನ ಮರೆವಿಗೆ ಜನರ ಅಸಡ್ಡೆ ಮಾತ್ರ ಕಾರಣವಲ್ಲ, ಈ ಹಂಚಿಕೆಯೂ ಕಾರಣ.

ಮೊದಲ ಅಳಿವು: ಕೋಟೆ

1537ರ ಮಣ್ಣಿನ ಕೋಟೆಯನ್ನು ಹೈದರಾಲಿ 1761ರ ಸುಮಾರಿಗೆ ಕಲ್ಲಿನಲ್ಲಿ ಕಟ್ಟಿಸಿದ. ಮೊಟ್ಟೆಯಾಕಾರದ ಆ ಕೋಟೆಯ ಉತ್ತರಕ್ಕೆ ದೆಹಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಪೇಟೆಯನ್ನು ಹಿಡಿಯಿತು, ಮಾರ್ಚ್ 21ರ ರಾತ್ರಿ ಕೋಟೆಗೆ ನುಗ್ಗಿತು. ಟಿಪ್ಪುವಿನ ಕಿಲ್ಲೇದಾರ ಬಹಾದೂರ್ ಖಾನ್ ಕಾದಾಡುತ್ತ ಮಡಿದ. ಆ ಸೇನೆಯ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಚಿತ್ರಸಂಪುಟ ಕೋಟೆಯ ಅಂದಿನ ರೂಪಕ್ಕೆ ನಮಗೆ ಸಿಗುವ ಮುಖ್ಯ ಆಧಾರಗಳಲ್ಲಿ ಒಂದು. ಗೆದ್ದವರ ಕಣ್ಣಿನ ಚಿತ್ರಗಳಿವು ಎಂಬ ಎಚ್ಚರವಿಟ್ಟುಕೊಂಡೇ ಅವುಗಳನ್ನು ಬಳಸಬೇಕು.

ಯುದ್ಧದಲ್ಲಿ ಜಖಂಗೊಂಡರೂ ಕೋಟೆ ಅಳಿಯಲಿಲ್ಲ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ದುರಸ್ತಿಯಾಗಿ ಮತ್ತೆ ನಿಂತಿತು. ಅದರೊಳಗೆ ಸೇನೆಯ ಶಸ್ತ್ರಾಗಾರವಿತ್ತು. ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ ಸರ್ಕಾರಿ ಕಚೇರಿಗಳು ನಡೆಯುತ್ತಿದ್ದವು. 1868ರಲ್ಲಿ ರಿಚರ್ಡ್ ಸ್ಯಾಂಕಿಯ ನಕ್ಷೆಯಂತೆ ಇಂದು ಹೈಕೋರ್ಟ್ ಇರುವ ಅಠಾರಾ ಕಚೇರಿ ಕಟ್ಟಿ ಮುಗಿದಾಗ ಕಚೇರಿಗಳು ಅಲ್ಲಿಗೆ ಹೋದವು. ಕೋಟೆಯ ನಿಜವಾದ ಅಳಿವು ಆರಂಭವಾದದ್ದು ಹೀಗೆ ಅದಕ್ಕೆ ಕೆಲಸವಿಲ್ಲವಾದಾಗ. ಪೇಟೆಯ ಸುತ್ತಲಿದ್ದ ಕಂದಕ ಮತ್ತು ಮುಳ್ಳುಬೇಲಿ 19ನೇ ಶತಮಾನದಲ್ಲೇ ಮರೆಯಾಗಿದ್ದವು. ಆಮೇಲೆ ಕೋಟೆಯ ಗೋಡೆಗಳನ್ನು ಒಂದೊಂದಾಗಿ ಬಿಚ್ಚಿ ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಜಾಗ ಮಾಡಲಾಯಿತು. ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು, ವಾಣಿವಿಲಾಸ ಆಸ್ಪತ್ರೆ 1935ರಲ್ಲಿ. ಕೋಟೆಯೊಳಗಿದ್ದ ಚರ್ಚಿನ ಜಾಗ ವಾಣಿವಿಲಾಸ ಆಸ್ಪತ್ರೆಗೆ ಹೋಯಿತು. ಅದಕ್ಕೆ ಬದಲಾಗಿ ಚಾಮರಾಜಪೇಟೆಯಲ್ಲಿ ಸೇಂಟ್ ಲ್ಯೂಕ್ಸ್ ಚರ್ಚ್ ಎದ್ದಿತು. 1791ರಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ಸ್ಮಶಾನವೂ ಕುರುಹಿಲ್ಲದಂತೆ ಹೋಯಿತು. ಇಂದು ಉಳಿದಿರುವುದು ದೆಹಲಿ ಬಾಗಿಲಿನ ಭಾಗ ಮತ್ತು ಅರಮನೆಯ ಒಂದು ತುಂಡು ಮಾತ್ರ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೋಟೆಯನ್ನು ಕಳಚಿದವರು ಅದನ್ನು ನಾಶವೆಂದು ತಿಳಿದಿರಲಿಲ್ಲ. ಅವರ ಕಣ್ಣಿಗೆ ಅದು ಸಾರ್ವಜನಿಕ ಹಿತ. ಬಾಣಂತಿಯರಿಗೆ ಆಸ್ಪತ್ರೆ ಬೇಕೋ ಕಂದಕದ ಗೋಡೆ ಬೇಕೋ ಎಂಬ ಪ್ರಶ್ನೆಗೆ ಅಂದಿನ ಉತ್ತರ ಸ್ಪಷ್ಟವಾಗಿತ್ತು. ಇದನ್ನು ನೆನಪಿಟ್ಟುಕೊಳ್ಳದೆ ಹಿಂದಿನವರನ್ನು ದೂರುವುದು ಸಂಶೋಧನೆಯ ಕೆಲಸವಲ್ಲ.

ಪ್ಲೇಗು ಕೆಡವಿದ ಮನೆಗಳು

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯಲ್ಲೂ ದಂಡಿನ ಇಕ್ಕಟ್ಟಾದ ಕೇರಿಗಳಲ್ಲೂ ಜನ ಸತ್ತರು, ಊರು ಬಿಟ್ಟರು. ಗಾಳಿ ಬೆಳಕಿಲ್ಲದ ಮನೆಗಳನ್ನು ಕೆಡವಿ ಕೇರಿಗಳನ್ನು ಅಗಲ ಮಾಡುವ ಕೆಲಸ ನಡೆಯಿತು. ಅತ್ತ ಮೈಸೂರು ಸರ್ಕಾರದ ಕಡೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಇತ್ತ ದಂಡಿನಲ್ಲಿ ರಿಚರ್ಡ್ಸ್ ಟೌನ್, 1906ರಲ್ಲಿ ಆರಂಭವಾದ ಫ್ರೇಜರ್ ಟೌನ್ ಬಂದವು. ಸ್ಟೇಷನ್ನಿನ ಎಂಜಿನಿಯರ್ ಜೆ. ಎಚ್. ಸ್ಟೀಫನ್ಸ್ ಪ್ಲೇಗು ತಗಲದಂತೆ ಊರು ಕಟ್ಟುವ ಬಗೆಯನ್ನು ವಿವರಿಸಿ 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಇಲಿ ಸೇರದ ಅಡಿಪಾಯ, ಮನೆಯಿಂದ ಮನೆಗೆ ಅಂತರ, ನೇರ ರಸ್ತೆಗಳು ಆ ಯೋಜನೆಗಳ ತಿರುಳು.

ಅಂದು ಬಿದ್ದ ಮನೆಗಳು ಪರಂಪರೆಯ ಯಾವ ಪಟ್ಟಿಯಲ್ಲೂ ಇಲ್ಲ. ಅವು ನೇಕಾರರ, ಕೂಲಿಕಾರರ, ದಂಡಿನ ಅಡುಗೆಯವರ, ಧೋಬಿಗಳ, ಕುದುರೆ ನೋಡಿಕೊಳ್ಳುವವರ ಮನೆಗಳು. ಕಟ್ಟಿಸಿದವರ ಹೆಸರಿನ ಕಲ್ಲು ಅವುಗಳಿಗಿರಲಿಲ್ಲ, ಫೋಟೋ ತೆಗೆದವರಿಲ್ಲ. ಆ ಕಾಲದ ನೆನಪು ಉಳಿದದ್ದು ಪ್ಲೇಗಮ್ಮನ ಗುಡಿಗಳಲ್ಲಿ. ವಸಾಹತು ನಗರದ ಅಳಿವೆಂದಾಗ ಬಂಗಲೆಗಳನ್ನು ಮಾತ್ರ ಎಣಿಸುವ ನಮ್ಮ ರೂಢಿ ಎಷ್ಟು ಕೊರತೆಯದ್ದೆಂದು ಇದರಿಂದ ತಿಳಿಯುತ್ತದೆ.

ಸಂಪಂಗಿ ಕೆರೆ

ಅಳಿದ ಕಟ್ಟಡಗಳ ಪಟ್ಟಿಯಲ್ಲಿ ಕೆರೆಯನ್ನು ಸೇರಿಸುವುದು ಉಚಿತವೇ ಎಂದು ಕೇಳಬಹುದು. ಸೇರಿಸಲೇಬೇಕು. ಏರಿ, ತೂಬು, ಕೋಡಿ, ಕಾಲುವೆಗಳಿರುವ ಕೆರೆ ಮನುಷ್ಯ ಕಟ್ಟಿದ್ದೇ. ಪೇಟೆಗೂ ದಂಡಿಗೂ ನಡುವೆ ಇದ್ದ ಸಂಪಂಗಿ ಕೆರೆ ಎರಡು ಕಡೆಯವರಿಗೂ ನೀರು ಕೊಟ್ಟಿತ್ತು. ಅದರ ಅಂಚಿನಲ್ಲಿ ತಿಗಳರ ತೋಟಗಳಿದ್ದವು. 1890ರ ದಶಕದ ಮಧ್ಯದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಊರೊಳಗಿನ ಕೆರೆಗಳ ಮೇಲೆ ಆಡಳಿತಕ್ಕಿದ್ದ ಅವಲಂಬನೆ ತಗ್ಗಿತು. ತೋಟ ಮಾಡುವವರಿಗೆ ನೀರು ನಿಲ್ಲಬೇಕಿತ್ತು. ಸುತ್ತಲಿನ ಬಂಗಲೆಯವರಿಗೆ, ಪೋಲೋ ಆಡುವವರಿಗೆ ಒಣನೆಲ ಬೇಕಿತ್ತು. ಹರಿಣಿ ನಾಗೇಂದ್ರ ಮತ್ತು ಅವರ ಸಹಸಂಶೋಧಕರು ಹಳೆಯ ನಕ್ಷೆ ಹಾಗೂ ಕಡತಗಳ ಆಧಾರದ ಮೇಲೆ ಈ ತಿಕ್ಕಾಟವನ್ನು ಎಳೆಎಳೆಯಾಗಿ ಬಿಡಿಸಿ ತೋರಿಸಿದ್ದಾರೆ. ಕೆರೆ ಹಂತಹಂತವಾಗಿ ಬತ್ತಿ ಮೈದಾನವಾಯಿತು, ಆಮೇಲೆ ಅಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು.

ಪೂರ್ತಿ ಮುಚ್ಚದೆ ಉಳಿದದ್ದು ಕ್ರೀಡಾಂಗಣದ ಮಗ್ಗುಲಿನ ಒಂದು ಪುಟ್ಟ ಕುಂಟೆ. ಅದು ಉಳಿದದ್ದು ಕಾನೂನಿನಿಂದಲ್ಲ, ಬೆಂಗಳೂರು ಕರಗ ಉತ್ಸವದ ವಿಧಿಗೆ ಆ ನೀರು ಬೇಕಾದ್ದರಿಂದ. ಇಲ್ಲಿಂದ ದೊರೆಯುವ ತೀರ್ಮಾನ ಮುಖ್ಯವಾದದ್ದು: ಜನರ ಬಳಕೆ ಮುಂದುವರಿದಲ್ಲಿ ತುಣುಕಾದರೂ ಉಳಿಯುತ್ತದೆ, ಬಳಕೆ ತಪ್ಪಿದಲ್ಲಿ ಕಲ್ಲಿನ ಕೋಟೆಯೂ ಉಳಿಯುವುದಿಲ್ಲ.

1964: ಸೆನೋಟಾಫ್

ಇಂದಿನ ಹಡ್ಸನ್ ವೃತ್ತದ ಬಳಿ ಎತ್ತರದ ಕಲ್ಲಿನ ಸ್ಮಾರಕಸ್ತಂಭವೊಂದಿತ್ತು. 1791ರ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ಹೆಸರುಗಳು ಅದರಲ್ಲಿದ್ದವು. ಇಂದಿನ ನೃಪತುಂಗ ರಸ್ತೆಗೆ ಅದರಿಂದಲೇ ಸೆನೋಟಾಫ್ ರಸ್ತೆ ಎಂಬ ಹೆಸರಿತ್ತು. ದಾಳಿ ಮಾಡಿದವರನ್ನು ನೆನೆಯುವ ಕಂಬ ಊರಿನ ನಡುವೆ ಏಕಿರಬೇಕು ಎಂಬ ಒತ್ತಾಯ ಬಲವಾಗಿ 1964ರಲ್ಲಿ ಅದನ್ನು ಕೆಡವಲಾಯಿತು. ಪಾಲಿಕೆಯ ಕಚೇರಿಯ ಮುಂದೆ ನಗರದ ಸ್ಥಾಪಕ ಕೆಂಪೇಗೌಡರ ಪ್ರತಿಮೆ ಬಂತು.

ಆ ಒತ್ತಾಯದಲ್ಲಿ ನ್ಯಾಯವಿತ್ತು. ಪೇಟೆಯನ್ನು ಕಾಯುತ್ತ ಸತ್ತ ಮೈಸೂರಿನ ಸಿಪಾಯಿಗಳ ಒಂದು ಹೆಸರೂ ಆ ಕಂಬದ ಮೇಲೆ ಇರಲಿಲ್ಲ. ಹಾಗಿದ್ದೂ ಚರಿತ್ರೆಯ ವಿದ್ಯಾರ್ಥಿಗೆ ಅದೊಂದು ಶಾಸನ. ಶತ್ರುವಿನ ವಿಜಯಸ್ತಂಭವನ್ನೂ ಪಡಿಯಚ್ಚು ತೆಗೆದು ಓದುವುದು ನಮ್ಮ ಶಾಸನಶಾಸ್ತ್ರದ ಕ್ರಮ. ಕೆಡವುವ ಬದಲು ಸ್ಥಳಾಂತರಿಸಿ, ಪಕ್ಕದಲ್ಲಿ ಬಹಾದೂರ್ ಖಾನನ ಕಥೆಯನ್ನೂ ಬರೆದಿದ್ದರೆ 1791ರ ಎರಡೂ ಮುಖಗಳು ಒಂದೆಡೆ ಓದಲು ಸಿಗುತ್ತಿದ್ದವು. ಹೈಕೋರ್ಟ್ ಆವರಣದಲ್ಲಿದ್ದ ಕಬ್ಬನ್ ಪ್ರತಿಮೆಯನ್ನು 2020ರಲ್ಲಿ ಕಬ್ಬನ್ ಉದ್ಯಾನದೊಳಕ್ಕೆ ಸಾಗಿಸಿದ್ದು ಇಂಥ ದಾರಿ ಸಾಧ್ಯವೆಂಬುದಕ್ಕೆ ಸಾಕ್ಷಿ.

ನೆಲದ ಬೆಲೆ, ನಿರ್ಲಕ್ಷ್ಯ, ಪ್ರತಿರೋಧ

ಕೊನೆಯ ಘಟ್ಟ ಓದುಗರಿಗೆ ಪರಿಚಿತ. ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲ್ ಹೋಗಿ ಮಾಲ್ ಬಂತು. 1936ರಲ್ಲಿ ತೆರೆದಿದ್ದ ಪ್ಲಾಜಾ ಚಿತ್ರಮಂದಿರದ ಜಾಗ ಮೆಟ್ರೊಗೆ ಹೋಯಿತು. ಮುಂಬಾಗಿಲಿನ ಮೇಲೆ ಮರದ ಪಟ್ಟಿಗಳ ಚೂಪು ಮಾಡು ಹೊತ್ತ ಮಂಕಿಟಾಪ್ ಬಂಗಲೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾದವು. ಲಾಲ್‌ಬಾಗಿನ ಕೃಂಬಿಗಲ್ ಸಭಾಂಗಣದ್ದು ಬೇರೆ ಬಗೆ. ಅದು ಸರ್ಕಾರದ ಆಸ್ತಿ, ಅದನ್ನು ಕೊಳ್ಳಲು ಬಂದವರಿಲ್ಲ. ರಿಪೇರಿಯಿಲ್ಲದೆ ಶಿಥಿಲವಾಗಿ 2017ರ ನವೆಂಬರಿನಲ್ಲಿ ಅದು ನೆಲಕ್ಕುರುಳಿತು. ಹಾಗಾಗಿ ನೆಲದ ಬೆಲೆಯೊಂದನ್ನೇ ಕಾರಣವೆನ್ನಲಾಗದು.

ಇದೇ ಅವಧಿಯಲ್ಲಿ ಗೆಲುವೂ ಇದೆ. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವುವ ಪ್ರಸ್ತಾಪ ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು, ಪತ್ರಿಕೆಗಳು ಬರೆದವು, ಕಟ್ಟಡ ಉಳಿಯಿತು. ಕೆಂಪು ಬಣ್ಣದ ಆ ಕಟ್ಟಡ ಇಂದು ಊರಿನ ಗುರುತಾಗಿದೆ. ಅದನ್ನು ಗುತ್ತಿಗೆ ಹಿಡಿದು ಕಟ್ಟಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. 1873ರಲ್ಲಿ ಅವರು ಆರಂಭಿಸಿದ ಶಾಲೆಯಿಂದ ಬೆಳೆದ ಆರ್.ಬಿ.ಎ.ಎನ್.ಎಂ. ಸಂಸ್ಥೆಗಳು ಇಂದಿಗೂ ನಡೆಯುತ್ತಿವೆ. ನಕ್ಷೆ ಬರೆದ ಸ್ಯಾಂಕಿಯ ಹೆಸರು ಕೆರೆಗೂ ರಸ್ತೆಗೂ ಇದೆ. ಕಟ್ಟಿದ ಗುತ್ತಿಗೆದಾರನ ಹೆಸರನ್ನು ಆ ಕಟ್ಟಡದ ಚರಿತ್ರೆಯಲ್ಲಿ ಹೇಳುವವರು ಕಡಿಮೆ. ಒಂದು ಕಟ್ಟಡ ಉಳಿದಾಗಲೂ ಅದರ ಅರ್ಧ ಚರಿತ್ರೆ ಕಳೆದುಹೋಗಬಹುದು.

ಮುಂದಿನ ಕೆಲಸ

ಉಳಿದ ಕಟ್ಟಡಗಳ ಪಟ್ಟಿಗಳು ನಮ್ಮಲ್ಲಿವೆ. ಈಗ ಬೇಕಾಗಿರುವುದು ಅಳಿದವುಗಳ ಒಂದು ದಾಖಲೆಪುಸ್ತಕ. ಪ್ರತಿಯೊಂದಕ್ಕೂ ಐದು ಸಂಗತಿ ನಮೂದಾಗಬೇಕು: ಎಲ್ಲಿತ್ತು, ಯಾರು ಕಟ್ಟಿದರು, ಯಾರು ಬಳಸಿದರು, ಯಾವಾಗ ಮತ್ತು ಏಕೆ ಹೋಯಿತು, ಈ ಮಾತಿಗೆ ಆಧಾರವೇನು. ಆಧಾರಗಳನ್ನು ತೂಗುವಾಗ ಕಟ್ಟಡದ ಸಾಮಗ್ರಿಯನ್ನೂ ಓದಬೇಕು. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಳೆಯ ಫೋಟೋದ ಬಂಗಲೆಗೆ ಮಂಗಳೂರು ಹೆಂಚಿನ ಮಾಡು ಇದ್ದರೆ ಆ ಮಾಡಾದರೂ ಅದಕ್ಕಿಂತ ಹಿಂದಿನದಲ್ಲ. ಮನೆಯವರು ಎಷ್ಟೇ ಹಳೆಯ ವರ್ಷ ಹೇಳಿದರೂ ಈ ಪರೀಕ್ಷೆಗೆ ಅದನ್ನು ಒಡ್ಡಲೇಬೇಕು.

ಈ ಕೆಲಸ ಕನ್ನಡದಲ್ಲಿ ನಡೆಯಬೇಕು. ದಂಡಿನ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಅಧಿಕಾರಿಗಳ ಕಾಗದಗಳನ್ನೇ ನೆಚ್ಚಿದ್ದರಿಂದ ಅವುಗಳಲ್ಲಿ ಅಧಿಕಾರಿಗಳ ಊರು ಮಾತ್ರ ಕಾಣುತ್ತದೆ. ಶಿವಾಜಿನಗರ, ಹಲಸೂರು, ಕಲಾಸಿಪಾಳ್ಯದ ಹಿರಿಯರು ಕನ್ನಡ, ತಮಿಳು, ದಖನಿಯಲ್ಲಿ ಹೇಳುವ ನೆನಪುಗಳನ್ನು ಕಡತಗಳ ಜೊತೆ ತಾಳೆ ನೋಡಿದಾಗಲೇ ಧೋಬಿಯ ಕೇರಿಯೂ ತಿಗಳರ ತೋಟವೂ ನಕ್ಷೆಯ ಮೇಲೆ ಬರುತ್ತವೆ. ಕೋಟೆ ಹಿತದ ಹೆಸರಿನಲ್ಲಿ ಹೋಯಿತು, ಕೇರಿ ಆರೋಗ್ಯದ ಹೆಸರಿನಲ್ಲಿ, ಕೆರೆ ಬಯಲಿನ ಆಸೆಯಲ್ಲಿ, ಕಂಬ ಸ್ವಾಭಿಮಾನದ ಹೆಸರಿನಲ್ಲಿ, ಹೋಟೆಲ್ಲು ಲಾಭಕ್ಕಾಗಿ. ಪ್ರತಿ ಬಾರಿಯೂ ಆ ಕಾಲದವರಿಗೆ ಕಾರಣ ಸಾಕೆನಿಸಿತ್ತು. ನಮ್ಮ ಕಾಲದ ಕಾರಣಗಳನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಲು ಈ ದಾಖಲೆ ಬೇಕು.