ದೊಡ್ಡಪ್ಪನ ದುರ್ಯೋಧನ ಮತ್ತು ಎಂಟಿಎಸ್ ಫೈಲುಗಳು

ಗುಬ್ಬಿ ಹತ್ತಿರದ ನಮ್ಮೂರಲ್ಲಿ 2009ರಲ್ಲಿ ಕುರುಕ್ಷೇತ್ರ ನಾಟಕ ಆಡಿದ್ರು. ತುಮಕೂರು ಸೀಮೆಯವರಿಗೆ ಇದೇನು ಹೊಸದಲ್ಲ ಬಿಡಿ. ಸುಗ್ಗಿ ಮುಗಿದರೆ ಸಾಕು, ಯಾವುದಾದರೊಂದು ಊರಲ್ಲಿ ಹಾರ್ಮೋನಿಯಂ ಮೇಷ್ಟ್ರು ಬಂದು ಕೂತಿರುತ್ತಾರೆ. ನಮ್ಮ ದೊಡ್ಡಪ್ಪನದು ದುರ್ಯೋಧನನ ಪಾತ್ರ. ತುಮಕೂರಿನ ಗೆಳೆಯನೊಬ್ಬನ ಹ್ಯಾಂಡಿಕ್ಯಾಮ್ ಇಸ್ಕೊಂಡು ಹೋಗಿ, ಮೂರು ಕಾರ್ಡು ಬದಲಾಯಿಸಿ, ಬೆಳಗಿನ ಜಾವದ ಗದಾಯುದ್ಧದವರೆಗೂ ಆರು ಗಂಟೆ ಶೂಟ್ ಮಾಡಿದ್ದೆ.

ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು. ವರ್ಷಾಬ್ದಿಕಕ್ಕೆ ಹೋದಾಗ ದೊಡ್ಡಮ್ಮ, "ಆ ನಾಟಕದ ಸೀಡಿ ಇತ್ತಲ್ಲಪ್ಪಾ, ಹಾಕ್ತೀಯಾ?" ಅಂದ್ರು. ಹಾರ್ಡ್ ಡಿಸ್ಕ್ ಹುಡುಕಿದೆ. ಇದ್ದದ್ದು ಡಿವಿ ಎವಿಐಗೆ ಬದಲಾಯಿಸಿಕೊಂಡಿದ್ದ ಪ್ರತಿ ಮಾತ್ರ. ಕ್ಯಾಮೆರಾದ ಮೂಲ ಫೈಲುಗಳನ್ನು ನಾನೇ ಡಿಲೀಟ್ ಮಾಡಿದ್ದೆ!

ಯಾಕೆ ಮಾಡಿದೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕ್ಯಾಮೆರಾದಿಂದ ಬಂದದ್ದನ್ನು ಹಾಗೇ ಎಡಿಟ್ ಮಾಡದೆ ಬೇರೆ ರೂಪಕ್ಕೆ ತಂದುಕೊಳ್ಳೋದು ಕಂಪ್ಯೂಟರಿನವರು ಕಂಡುಹಿಡಿದದ್ದಲ್ಲ. ಸಿನಿಮಾದವರು ಮೊದಲಿಂದಲೂ ಮಾಡುತ್ತಿದ್ದದ್ದೇ. ಗುಬ್ಬಿ ವೀರಣ್ಣನವರು ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದು ಕುರುಕ್ಷೇತ್ರ ಆಡಿಸಿದವರು. ಅವರು ಸಿನಿಮಾಕ್ಕೂ ಕೈ ಹಾಕಿ, 1935ರಲ್ಲಿ ಸದಾರಮೆ, 1954ರಲ್ಲಿ ರಾಜ್‌ಕುಮಾರ್ ನಾಯಕರಾದ ಬೇಡರ ಕಣ್ಣಪ್ಪ ಬಂದದ್ದು ನಿಮಗೆ ಗೊತ್ತೇ ಇದೆ. ಆ ಕಾಲದ ಪದ್ಧತಿ ಏನು ಅಂದ್ರೆ, ನೆಗೆಟಿವ್‌ಗೆ ಎಡಿಟರ್ ಕತ್ತರಿ ಹಾಕುವ ಹಾಗಿಲ್ಲ. ಅದರಿಂದ ಒಂದು ಪಾಸಿಟಿವ್ ಪ್ರತಿ ತೆಗೆಯುತ್ತಿದ್ದರು, ಅದಕ್ಕೆ ವರ್ಕ್ ಪ್ರಿಂಟ್ ಅಂತ ಹೆಸರು. ಕತ್ತರಿಸೋದು, ಅಂಟಿಸೋದು, ಗೀಚೋದು ಎಲ್ಲಾ ಅದರ ಮೇಲೆ. ಕೊನೆಗೆ ಫಿಲಂ ಅಂಚಿನಲ್ಲಿರುವ ನಂಬರು ನೋಡಿಕೊಂಡು ನೆಗೆಟಿವನ್ನು ಒಂದೇ ಸಲ ಕತ್ತರಿಸುತ್ತಿದ್ದರು. ಇವತ್ತು ಪ್ರಾಕ್ಸಿ ಅಂತ ಕರೆಯೋದು ಇದನ್ನೇ. ವರ್ಕ್ ಪ್ರಿಂಟ್ ಆಯ್ತಲ್ಲ ಅಂತ ನೆಗೆಟಿವನ್ನು ತಿಪ್ಪೆಗೆ ಎಸೆದವರನ್ನು ನಾನಂತೂ ಕೇಳಿಲ್ಲ, ನನ್ನನ್ನು ಬಿಟ್ಟು.

ವಿಎಚ್‌ಎಸ್ ಕಾಲದಲ್ಲಿ ಫೈಲೇ ಇರಲಿಲ್ಲ. ಒಂದು ಡೆಕ್ಕಿನಿಂದ ಇನ್ನೊಂದು ಡೆಕ್ಕಿಗೆ ಪ್ರತಿ ಮಾಡುತ್ತಾ ಹೋಗೋದೇ ಎಡಿಟಿಂಗು, ಪ್ರತಿ ಸಲಕ್ಕೂ ಚಿತ್ರ ಇನ್ನಷ್ಟು ಮಂಕು. ಹೃದಯದಾಕಾರದೊಳಗೆ ಮದುಮಗಳು ನಗುತ್ತಿರುವ ಮದುವೆ ಕ್ಯಾಸೆಟ್ಟು ನಿಮ್ಮ ಮನೆಯಲ್ಲೂ ಇರಬೇಕು :)

1995ರಲ್ಲಿ ಡಿವಿ ಬಂತು. ಸೆಕೆಂಡಿಗೆ 25 ಮೆಗಾಬಿಟ್, ಗಂಟೆಗೆ ಸುಮಾರು 13 ಜಿಬಿ. ಫೈರ್‌ವೈರ್ ಕೇಬಲ್ ಹಾಕಿ ಒಂದು ಗಂಟೆಯ ಟೇಪನ್ನು ಇಳಿಸಿಕೊಳ್ಳಲು ಒಂದು ಗಂಟೆಯೇ ಬೇಕಿತ್ತು. ಆದರೆ ಇಳಿದ ಮೇಲೆ ಎಡಿಟಿಂಗ್ ಬೆಣ್ಣೆ ತೆಗೆದ ಹಾಗೆ. ಕಾರಣ, ಅದರಲ್ಲಿ ಒಂದೊಂದು ಫ್ರೇಮೂ ತನ್ನಷ್ಟಕ್ಕೆ ತಾನು ಪೂರ್ತಿ ಚಿತ್ರ.

ಈ ಸುಖ ಕೆಟ್ಟದ್ದು ಎಚ್‌ಡಿಯಿಂದ. 2003ರ ಎಚ್‌ಡಿವಿ ಅದೇ ಪುಟ್ಟ ಟೇಪಿನಲ್ಲಿ, ಅದೇ 25 ಮೆಗಾಬಿಟ್‌ನಲ್ಲಿ 1080 ಗೆರೆಗಳನ್ನು ತುರುಕಿತು. ಹೇಗೆ? ನಮ್ಮ ಕಡೆಯ ಕೊಬ್ಬರಿ ಮಂಡಿಯ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಮೊದಲ ದಿನ ಗೋದಾಮಿನಲ್ಲಿ ಇರುವುದನ್ನೆಲ್ಲಾ ಬರೀತಾರೆ. ಆಮೇಲೆ ದಿನಾ ಬಂದದ್ದು, ಹೋದದ್ದು ಇಷ್ಟೇ. ಪುಸ್ತಕ ತೆಳ್ಳಗೆ ಇರುತ್ತೆ, ನಿಜ. ಆದರೆ ಹನ್ನೊಂದನೇ ದಿನ ಎಷ್ಟು ಮೂಟೆ ಇತ್ತು ಅಂತ ಕೇಳಿದರೆ ಮೊದಲ ದಿನದಿಂದ ಕೂಡಿ ಕಳೆದು ಬರಬೇಕು. ನಮ್ಮ ಸೆಕೆಂಡಿಗೆ 25 ಫ್ರೇಮಿನ ಎಚ್‌ಡಿವಿಯಲ್ಲಿ ಇಂಥ ಗುಂಪಿಗೆ 12 ಫ್ರೇಮು, ಪೂರ್ತಿ ಚಿತ್ರ ಅದರಲ್ಲಿ ಒಂದೇ ಒಂದು. ಕೆಲವು ಫ್ರೇಮುಗಳಂತೂ ನಾಳೆಯ ಪುಟ ನೋಡಿ ಇವತ್ತಿನ ಲೆಕ್ಕ ಬರೆದವು! ಸುಮ್ಮನೆ ನೋಡುವಾಗ ತೊಂದರೆಯಿಲ್ಲ. ಹಿಂದೆ ಮುಂದೆ ಎಳೆದಾಡಿ ಕತ್ತರಿಸುವಾಗ ಕಂಪ್ಯೂಟರ್ ಬೆವರುತ್ತದೆ.

2006ರಲ್ಲಿ ಸೋನಿ, ಪ್ಯಾನಸೋನಿಕ್ ಸೇರಿ ತಂದ ಎವಿಸಿಎಚ್‌ಡಿ ಇದನ್ನು ಇನ್ನೂ ಬಿಗಿ ಮಾಡಿತು. ಒಳಗಿದ್ದದ್ದು ಎಚ್.264, ಲೆಕ್ಕ ಇನ್ನೂ ಜಟಿಲ. ನನ್ನ ಮೂರು ಕಾರ್ಡಿನಲ್ಲಿದ್ದದ್ದು ಇದೇ, ಸೆಕೆಂಡಿಗೆ 17 ಮೆಗಾಬಿಟ್. ನನ್ನ ಕಂಪ್ಯೂಟರಿನಲ್ಲಿ ದೊಡ್ಡಪ್ಪ ಒಂದು ಹೆಜ್ಜೆ ಇಟ್ಟು, ಕಲ್ಲಾಗಿ ನಿಂತು, ಆಮೇಲೆ ಹಾರಿ ಸಿಂಹಾಸನದ ಮೇಲೆ ಕೂತಿರುತ್ತಿದ್ದರು.

ದೊಡ್ಡ ಸ್ಟುಡಿಯೊಗಳಿಗೆ ಮದ್ದು ಸಿಕ್ಕಿತ್ತು. 2004ರಲ್ಲಿ ಆವಿಡ್‌ನವರ ಡಿಎನ್‌ಎಕ್ಸ್‌ಎಚ್‌ಡಿ, 2007ರಲ್ಲಿ ಆಪಲ್‌ನವರ ಪ್ರೊರೆಸ್. ಎರಡೂ ಡಿವಿಯ ಹಳೇ ನ್ಯಾಯಕ್ಕೇ ವಾಪಸ್ ಬಂದವು, ಪ್ರತಿ ಫ್ರೇಮೂ ಸ್ವತಂತ್ರ. ಬೆಲೆ ಏನಪ್ಪಾ ಅಂದ್ರೆ ಜಾಗ. ಪ್ರೊರೆಸ್ 422ರಲ್ಲಿ ಗಂಟೆಗೆ ಸುಮಾರು 55 ಜಿಬಿ. ಆರು ಗಂಟೆಗೆ 330! ನನ್ನ ಹತ್ತಿರ ಇದ್ದದ್ದು 160 ಜಿಬಿ ಡಿಸ್ಕು. ಮೂಲ ಫೈಲು 46 ಜಿಬಿ, ಡಿವಿಗೆ ಇಳಿಸಿದರೆ 78 ಜಿಬಿ. ಎರಡೂ ಇಟ್ಟುಕೊಂಡರೆ ವಿಂಡೋಸ್‌ಗೆ ಉಸಿರಾಡಲು ಜಾಗ ಇರಲ್ಲ. ಎಚ್‌ಡಿ ಟೀವಿ ಯಾರ ಮನೇಲಿದೆ ಅಂದ್ಕೊಂಡು ಡಿವಿಗೆ ಇಳಿಸಿದೆ. ಎರಡು ಸಲ ರಾತ್ರಿಯೆಲ್ಲಾ ಓಡಿಸಿಟ್ಟಾಗ ಕರೆಂಟ್ ಹೋಗಿ ಅರ್ಧ ಫೈಲು ತೆರೆಯಲೇ ಇಲ್ಲ. ಮೂರನೇ ಸಲ ಮುಗಿದಾಗ ಆದ ಖುಷಿಗೆ ಮೂಲವನ್ನು ಅಳಿಸಿಬಿಟ್ಟೆ.

ಈಗ ನೋಡಿದರೆ ಆ ಪ್ರತಿಯಲ್ಲಿ ತಪ್ಪುಗಳ ಸಂತೆ. ಎಚ್‌ಡಿ ಚಿತ್ರದಲ್ಲಿ ಮೇಲಿನ ಸಾಲು ಮೊದಲು, ಡಿವಿಯಲ್ಲಿ ಕೆಳಗಿನ ಸಾಲು ಮೊದಲು. ಅದನ್ನು ನಾನು ಗಮನಿಸಿರಲಿಲ್ಲ. ಹಾಗಾಗಿ ಗದೆ ಬೀಸಿದಾಗಲೆಲ್ಲ ಗದೆ ನಡುಗುತ್ತದೆ. ಇನ್ನೊಂದು, ಆ ಕ್ಯಾಮೆರಾ 2 ಜಿಬಿ ಆದ ಕೂಡಲೇ ಹೊಸ ಎಂಟಿಎಸ್ ಫೈಲ್ ಶುರು ಮಾಡುತ್ತಿತ್ತು. ಶಬ್ದದ ಒಂದು ಚೂರು ಈ ಫೈಲಿನಲ್ಲಿ ಅರ್ಧ, ಮುಂದಿನದರಲ್ಲಿ ಅರ್ಧ. ನಾನು ಒಂದೊಂದನ್ನೇ ಬೇರೆಬೇರೆಯಾಗಿ ಕನ್ವರ್ಟ್ ಮಾಡಿದ್ದರಿಂದ ಪ್ರತಿ ಕೀಲಿನಲ್ಲೂ ಕಣ್ಣು ಮಿಟುಕಿಸುವಷ್ಟು ಮೌನ. ಒಂದು ಕಡೆಯಂತೂ ದೊಡ್ಡಪ್ಪನ ಆಲಾಪದ ನಟ್ಟನಡುವೆಯೇ ಬಿದ್ದಿದೆ.

ಆಮೇಲಿನ ಚರಿತ್ರೆ ಬೇಗ ಹೇಳಬಹುದು. 2008ರ ಕ್ಯಾನನ್ 5ಡಿ ಮಾರ್ಕ್ 2 ಬಂದ ಮೇಲೆ ಮದುವೆ ಫೋಟೊಗ್ರಾಫರುಗಳೂ ಎಚ್.264 ಜಗತ್ತಿಗೆ ಬಂದರು. ಅದಕ್ಕೆ 25 ಫ್ರೇಮಿನ ಸೌಲಭ್ಯ ಸಿಕ್ಕಿದ್ದೇ 2010ರಲ್ಲಿ, ಅಲ್ಲಿಯವರೆಗೆ 30. 2011ರ ಫೈನಲ್ ಕಟ್ ಪ್ರೊ ಎಕ್ಸ್ ಕನ್ವರ್ಷನ್ನನ್ನು ಹಿನ್ನೆಲೆಯಲ್ಲೇ ಮಾಡಿಕೊಳ್ಳತೊಡಗಿತು. ಪ್ರೀಮಿಯರ್‌ಗೆ ಪ್ರಾಕ್ಸಿ ಬಂದದ್ದು 2016ರಲ್ಲಿ. ಈಗಿನ ಮೊಬೈಲುಗಳದು ಬೇರೆಯೇ ರಗಳೆ. ಬೆಳಕು ಕಮ್ಮಿಯಾದರೆ ಫ್ರೇಮುಗಳ ಸಂಖ್ಯೆಯನ್ನೇ ಏರಿಸಿ ಇಳಿಸುತ್ತವೆ, ಎಡಿಟಿಂಗ್‌ನಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ.

ಕೊನೆಗೆ ಸಹಾಯಕ್ಕೆ ಬಂದವನು ಕುಣಿಗಲ್‌ನಲ್ಲಿರುವ ಚಿಕ್ಕಪ್ಪನ ಮಗ. ನಾಟಕದ ರಾತ್ರಿಯೇ ಮೊದಲ ಎರಡು ಕಾರ್ಡುಗಳನ್ನು ಅವನ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದನಂತೆ, ಫೋಲ್ಡರ್ ಸಮೇತ. ಹೋಗಿ ತಂದೆ. ಡಿಸ್ಕಿನಲ್ಲಿ, ನಾಟಕದ ಹಿಂದಿನ ದಿನ ಕ್ಯಾಮೆರಾ ಪರೀಕ್ಷೆಗೆ ಅಂತ ನಾನೇ ತೆಗೆದಿದ್ದ ಕುಣಿಗಲ್ ಕೆರೆಯ ನೀರೂ ಇತ್ತು. ಗಾಳಿಗೆ ಅಲೆ ಎದ್ದಲ್ಲೆಲ್ಲ ಚಿತ್ರ ಚೌಕ ಚೌಕ. ಎಲ್ಲವೂ ಅಲುಗಾಡುವಾಗ ಬರೀ ವ್ಯತ್ಯಾಸ ಬರೆದಿಡುವ ಲೆಕ್ಕ ಸೋಲುತ್ತೆ, ಪಾಪ.

ಎಂಟಿಎಸ್ ಫೈಲುಗಳನ್ನು ಮೊದಲು ಕ್ರಮವಾಗಿ ಒಂದಕ್ಕೊಂದು ಜೋಡಿಸಿ, ಆಮೇಲೆ ಎಫ್‌ಎಫ್‌ಎಂಪೆಗ್‌ನಲ್ಲಿ ಪ್ರೊರೆಸ್ ಮಾಡಿದೆ. ಆಲಾಪ ಎಲ್ಲೂ ಕಡಿಯದೆ ಬಂತು. ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಎಷ್ಟು ಸಲ ಕೇಳಿದೆನೋ. ಮೂಲ ಫೈಲುಗಳು ಈಗ ಎರಡು ಡಿಸ್ಕಿನಲ್ಲಿವೆ, ಒಂದು ಕುಣಿಗಲ್‌ನಲ್ಲಿ, ಒಂದು ನನ್ನ ಹತ್ತಿರ.

ಮೂರನೇ ಕಾರ್ಡು ಮಾತ್ರ ಸಿಗಲಿಲ್ಲ. ಗದಾಯುದ್ಧ ಇದ್ದದ್ದು ಅದರಲ್ಲೇ. ಸಾಲುಗಳ ಕ್ರಮ ಸರಿಮಾಡಿ ನಡುಕ ನಿಲ್ಲಿಸಿದೆ, ಡಿವಿಯ ಮಸುಕು ಹೇಗೆ ಹೋದೀತು? ಹೋದ ಭಾನುವಾರ ಊರಲ್ಲಿ ಟೀವಿಗೆ ಹಾಕಿದಾಗ, ಆ ಭಾಗ ಬಂದ ತಕ್ಷಣ ಚಿತ್ರ ಮಬ್ಬಾಯಿತು. ಏನಾದರೂ ಸಮಜಾಯಿಷಿ ಕೊಡೋಣ ಅಂತ ಬಾಯಿ ತೆಗೆದೆ. ದೊಡ್ಡಮ್ಮ ಕಣ್ಣು ಕೀಳದೆ ಹೇಳಿದರು: "ಬೆಳಗಿನ ಜಾವ ಅಲ್ವಾ, ಅವತ್ತು ತುಂಬಾ ಮಂಜು ಬಿದ್ದಿತ್ತು."