ಗೇಟಿನ ಒಳಗೊಂದು, ಹೊರಗೊಂದು: ಕ್ಯಾಡ್ಬರಿಯ ಕೋಕೋ ಕಥೆ

ಈ ಕಂತಿನಲ್ಲಿ ಚಾಕೊಲೇಟ್ ವಿಷಯ. ಡೈರಿ ಮಿಲ್ಕ್ ಗೊತ್ತಲ್ಲ? ಇಂಗ್ಲೆಂಡಿನ ಮಾರುಕಟ್ಟೆಗೆ ಅದು ಬಂದದ್ದು 1905ರಲ್ಲಿ. ಅದೇ ವರ್ಷ ಕ್ಯಾಡ್ಬರಿ ಕಂಪನಿ ಜೋಸೆಫ್ ಬರ್ಟ್ ಎಂಬವರನ್ನು ಸಾವೊ ತೋಮೆಗೆ ಕಳಿಸಿತು. ಆಫ್ರಿಕಾದ ಪಶ್ಚಿಮ ಕರಾವಳಿಯಾಚೆ ಪೋರ್ಚುಗೀಸರ ಕೈಯಲ್ಲಿದ್ದ ದ್ವೀಪ ಅದು. ನಮ್ಮ ಕೋಕೋ ಬೆಳೆಯುವವರು ಕೂಲಿಗಳಾ, ಗುಲಾಮರಾ, ನೋಡಿಕೊಂಡು ಬನ್ನಿ ಅಂತ.

ಯಾಕೆ ಈ ಅನುಮಾನ? ಅದಕ್ಕೆ ಮೊದಲು ಬರ್ಮಿಂಗ್‌ಹ್ಯಾಮ್ ಪಕ್ಕದ ಬೋರ್ನ್‌ವಿಲ್ ನೋಡಬೇಕು. 1879ರಲ್ಲಿ ಕಂಪನಿ ಹೊಗೆ ತುಂಬಿದ ಪೇಟೆ ಬಿಟ್ಟು ಇಲ್ಲಿ ಕಾರ್ಖಾನೆ ಕಟ್ಟಿತು. ಆಟದ ಮೈದಾನ, ಈಜುಕೊಳ, ವೈದ್ಯರು, 1906ರಲ್ಲಿ ಪಿಂಚಣಿ ನಿಧಿ. ಕಟ್ಟುಪಾಡುಗಳೂ ಇದ್ದವು. ಬೆಳಗ್ಗೆ ಪ್ರಾರ್ಥನೆ, ಗಂಡಸರು ಹೆಂಗಸರಿಗೆ ಬೇರೆ ಬೇರೆ ಕೆಲಸದ ಜಾಗ, ಊರಲ್ಲಿ ಹೆಂಡದಂಗಡಿ ಇಲ್ಲ. ಮದುವೆಯಾದ ಹೆಣ್ಣುಮಗಳು ಕೆಲಸ ಬಿಡಲೇಬೇಕು. ಒಂಥರಾ ಕೂಡುಕುಟುಂಬದ ಯಜಮಾನಿಕೆ ಅನ್ನಿ; ಪ್ರೀತಿಯೂ ಇತ್ತು, ಅಂಕುಶವೂ ಇತ್ತು.

ಮಾಲೀಕರು ಕ್ವೇಕರ್ ಪಂಥದ ಕ್ರೈಸ್ತರು. ಗುಲಾಮಗಿರಿಯನ್ನು ತೀರಾ ಮೊದಲೇ ವಿರೋಧಿಸಿದ ಜನ. ಗುಲಾಮಗಿರಿ ವಿರೋಧಿ ಸಂಘದ ಜತೆ ಕುಟುಂಬಕ್ಕೆ ಹಳೇ ನಂಟು. ಜಾರ್ಜ್ ಕ್ಯಾಡ್ಬರಿ 1901ರಲ್ಲಿ 'ಡೈಲಿ ನ್ಯೂಸ್' ಪತ್ರಿಕೆ ಕೊಂಡಿದ್ದೂ ಬೋಯರ್ ಯುದ್ಧದ ವಿರುದ್ಧ ದನಿ ಎತ್ತಲಿಕ್ಕೆ. ಮುಂದೆ ದಕ್ಷಿಣ ಆಫ್ರಿಕಾದ ಗಣಿಗಳಿಗೆ ಚೀನೀ ಕೂಲಿಗಳನ್ನು ತಂದಾಗ, ಇದೂ ಗುಲಾಮಗಿರಿಯೇ ಅಂತ ಆ ಪತ್ರಿಕೆ ಗುಡುಗಿತು.

ಇಲ್ಲೇ ತೊಡಕು. ಅದೇ 1901ರಲ್ಲಿ ಜಾರ್ಜ್ ಅವರ ಅಣ್ಣನ ಮಗ ವಿಲಿಯಂ ಕೈಗೆ ಒಂದು ಕಾಗದ ಸಿಕ್ಕಿತ್ತು. ಸಾವೊ ತೋಮೆಯ ತೋಟವೊಂದು ಮಾರಾಟಕ್ಕಿದೆ ಅನ್ನೋ ವಿವರ. ಆಸ್ತಿಯ ಪಟ್ಟಿಯಲ್ಲಿ 200 ಆಳುಗಳು. ಅವರಿಗೆ ಕಟ್ಟಿದ ಬೆಲೆ 3,555 ಪೌಂಡ್. ದನ, ಗಾಡಿ ಬರೆದ ಹಾಗೆ ಮನುಷ್ಯರನ್ನು ಬರೆದಿದ್ದರು. ಕಾಗದದ ಮೇಲೆ ಇವರೆಲ್ಲ 5 ವರ್ಷದ ಕರಾರಿನ ಕೂಲಿಗಳು. ಆದರೆ ಅಂಗೋಲಾದ ಒಳನಾಡಿಂದ ಹಿಡಿದು ತಂದವರು. ಕರಾರು ತಂತಾನೇ ಮುಂದುವರಿಯುತ್ತಿತ್ತು, ಊರಿಗೆ ವಾಪಸಾದವರು ಇಲ್ಲವೆನ್ನುವಷ್ಟು ಕಡಿಮೆ. ಕಂಪನಿಗೆ ಬೇಕಾದ ಕೋಕೋದಲ್ಲಿ ಆಗ ಅರ್ಧದ ಹತ್ತಿರಹತ್ತಿರ ಈ ದ್ವೀಪದ್ದೇ.

ವಿಲಿಯಂ ಸುಮ್ಮನೆ ಕೂರಲಿಲ್ಲ. ಲಿಸ್ಬನ್‌ಗೆ ಹೋದರು, ವಿದೇಶಾಂಗ ಇಲಾಖೆಯ ಬಾಗಿಲು ತಟ್ಟಿದರು, ಬರ್ಟ್‌ರನ್ನು ಕಳಿಸಿದರು. ಬರ್ಟ್ ಪೋರ್ಚುಗೀಸ್ ಕಲಿತು, ದ್ವೀಪ, ಅಂಗೋಲಾ ಎಲ್ಲ ಸುತ್ತಿ 1907ರಲ್ಲಿ ವಾಪಸ್ ಬಂದರು. ಇದು ಗುಲಾಮಗಿರಿಯೇ ಅಂದರು. ಅಷ್ಟರಲ್ಲಿ ಪತ್ರಕರ್ತ ಹೆನ್ರಿ ನೆವಿನ್ಸನ್ ಅದನ್ನೇ ಪುಸ್ತಕವಾಗಿ ಬರೆದಾಗಿತ್ತು. ಸರ್ಕಾರ ಮಾತ್ರ ತಾಳ್ಮೆ ಇರಲಿ ಅಂತಲೇ ಹೇಳುತ್ತಿತ್ತು. ಬ್ರಿಟಿಷರ ಗಣಿಗಳಿಗೂ ಪೋರ್ಚುಗೀಸ್ ಮೊಜಾಂಬಿಕ್‌ನಿಂದ ಆಳು ಬೇಕಿತ್ತಲ್ಲ! ಗಿರಾಕಿಯಾಗಿ ಉಳಿದರೇ ನಮ್ಮ ಮಾತಿಗೆ ಬೆಲೆ ಅನ್ನೋದು ವಿಲಿಯಂ ವಾದ. ತಳ್ಳಿಹಾಕುವಂಥ ವಾದವಲ್ಲ. ಆದರೆ ವಾದ ನಡೆಯುವಾಗಲೂ ಹಡಗಿನಲ್ಲಿ ಕೋಕೋ ಬರುತ್ತಲೇ ಇತ್ತು.

1908ರ ಸೆಪ್ಟೆಂಬರ್‌ನಲ್ಲಿ ಎದುರಾಳಿ ಪಕ್ಷದ ಕಡೆಯ 'ಸ್ಟಾಂಡರ್ಡ್' ಪತ್ರಿಕೆ ಕುಟುಕಿತು. ಚೀನೀ ಕೂಲಿಗಳಿಗೆ ಕಣ್ಣೀರು ಹಾಕುವವರು ತಮ್ಮ ಕೋಕೋ ತೋಟದ ಕಡೆ ಕಣ್ಣು ಮುಚ್ಚಿದ್ದಾರೆ ಅಂತ. ಕಂಪನಿ ಮಾನನಷ್ಟದ ದಾವೆ ಹೂಡಿತು. 1909ರ ಮಾರ್ಚ್‌ನಲ್ಲಿ, ವಿಲಿಯಂ ಸ್ವತಃ ಆಫ್ರಿಕಾ ನೋಡಿ ಬಂದ ಮೇಲೆ, ಫ್ರೈ ಮತ್ತು ರೌಂಟ್ರಿ ಕಂಪನಿಗಳ ಜತೆ ಸೇರಿ ಖರೀದಿ ನಿಲ್ಲಿಸಿತು. ಕಾಗದ ಕಂಡು 8 ವರ್ಷವಾಗಿತ್ತು.

ವಿಚಾರಣೆ ನಡೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲೇ. ಪತ್ರಿಕೆಯ ವಕೀಲ ಎಡ್ವರ್ಡ್ ಕಾರ್ಸನ್ ಕೊನೆಗೆ ವಿಲಿಯಂಗೆ ಒಂದು ಪ್ರಶ್ನೆ ಹಾಕಿದರು: ಈ ವರ್ಷಗಳಲ್ಲಿ ನಿಮ್ಮ ಕೋಕೋಗಾಗಿ ಎಷ್ಟು ಗುಲಾಮರು ಸತ್ತರು, ಲೆಕ್ಕ ಹಾಕಿದ್ದೀರಾ? ಇಲ್ಲ ಅಂದರು ವಿಲಿಯಂ. ನನ್ನ ಮಟ್ಟಿಗೆ ಇಡೀ ಮೊಕದ್ದಮೆ ಇರೋದು ಆ ಪ್ರಶ್ನೆಯಲ್ಲೇ. ಬೋರ್ನ್‌ವಿಲ್ ಹುಡುಗಿಯರ ಹಲ್ಲಿನ ತನಕ ವಿಚಾರಿಸಿಕೊಂಡ ಕಂಪನಿ ಅದು.

1909ರ ಡಿಸೆಂಬರ್‌ನಲ್ಲಿ ಜ್ಯೂರಿ ತೀರ್ಪು ಕೊಟ್ಟಿತು. ಕ್ಯಾಡ್ಬರಿಗೆ ಗೆಲುವು. ಪರಿಹಾರ ಒಂದು ಫಾರ್ದಿಂಗ್, ಅಂದರೆ ಪೆನ್ನಿಯಲ್ಲಿ ಕಾಲುಭಾಗ. ನಮ್ಮ ಕಡೆ ಹೇಳೋ ಹಾಗೆ ಮೂರು ಕಾಸು. ಕಂಪನಿಯ ಕೋಕೋ ಮುಂದೆ ಗೋಲ್ಡ್ ಕೋಸ್ಟ್, ಈಗಿನ ಘಾನಾದ ಸಣ್ಣ ರೈತರಿಂದ ಬರತೊಡಗಿತು. ಸಾವೊ ತೋಮೆಯ ತೋಟಗಳಿಗೆ ಬೇರೆ ಗಿರಾಕಿಗಳು ಸಿಕ್ಕರು.