ಟಿಗ್ರೇ ಪ್ರಾಂತದ ಶಿಶುಸಂರಕ್ಷಣೆ

ಮಲೇರಿಯಾ ಎಂಬ ಚಳಿಜ್ವರವು ಪ್ರಾಯಸ್ಥರನ್ನು ಬಹುದಿನ ಪೀಡಿಸಿ ಬಿಟ್ಟುಹೋಗುವುದುಂಟು. ಹಸುಗೂಸುಗಳ ವಿಷಯದಲ್ಲಿ ಅದು ಅಷ್ಟು ಅವಕಾಶವನ್ನು ಕೊಡುವುದಿಲ್ಲ. ಫಾಲ್ಸಿಪೇರಮ್ ಜಾತಿಯ ರೋಗಾಣುವು ಸೇರಿದ ಶಿಶುವಿಗೆ ಇಂದು ಮೈ ಬಿಸಿಯಾದರೆ ನಾಳೆಯೇ ಸೆಳವು ಬಂದು ಜ್ಞಾನತಪ್ಪಬಹುದು. ಇಂತಹ ರೋಗಕ್ಕೆ ಒಂದು ದಿನದ ದಾರಿಯಾಚೆಗಿರುವ ಆಸ್ಪತ್ರೆಯು ಇದ್ದೂ ಇಲ್ಲದಂತೆಯೇ ಸರಿ.

ಆಫ್ರಿಕಾ ಖಂಡದ ಇಥಿಯೋಪಿಯಾ ದೇಶದ ಉತ್ತರಕ್ಕಿರುವ ಟಿಗ್ರೇ ಪ್ರಾಂತದ ಸ್ಥಿತಿಯು ಇದೇ ಆಗಿತ್ತು. 1991ರಲ್ಲಿ ಅಂತರ್ಯುದ್ಧವು ಮುಗಿದಾಗ ಬೆಟ್ಟಗುಡ್ಡಗಳ ಆ ನಾಡಿನಲ್ಲಿ ಚಿಕಿತ್ಸಾಲಯಗಳು ವಿರಳವಾಗಿದ್ದುವು. ಮರುವರ್ಷ ಹಳ್ಳಿಯ ಸ್ವಯಂಸೇವಕರಿಗೆ ಚಳಿಜ್ವರದ ಉಪಚಾರವನ್ನು ಕಲಿಸುವ ಏರ್ಪಾಡಾಯಿತು. ಆದರೆ ಮಗುವಿನ ಮೈ ಮುಟ್ಟಿ ಜ್ವರವನ್ನು ಮೊದಲು ಅರಿಯುವವಳು ತಾಯಿಯಲ್ಲವೆ? ಔಷಧವನ್ನು ಅವಳ ಕೈಗೇ ಕೊಟ್ಟರೆ ಹೇಗೆ? ಓದುಬರಹವಿಲ್ಲದವರು ಪ್ರಮಾಣ ತಪ್ಪಿಯಾರೆಂಬ ಆಕ್ಷೇಪಣೆ ಇಂತಹ ಕಡೆ ತಾನಾಗಿಯೇ ಏಳತಕ್ಕದ್ದು. ಅದಕ್ಕೆ ವಾದದಿಂದಲ್ಲದೆ ಪರೀಕ್ಷೆಯಿಂದಲೇ ಉತ್ತರ ಹೇಳಬೇಕಾಗಿತ್ತು.

ಗೆಬ್ರೆಯೇಸುಸ್ ಕಿಡಾನೆ, ರಿಚರ್ಡ್ ಮಾರೋ ಎಂಬ ವಿದ್ವಾಂಸರು ತಾಬಿಯಾ ಎಂದು ಕರೆಯಲ್ಪಡುವ 24 ಗ್ರಾಮಸಮೂಹಗಳನ್ನು ಜೋಡಿಜೋಡಿಯಾಗಿ ವಿಂಗಡಿಸಿ, ಪ್ರತಿಯೊಂದು ಜೋಡಿಯಲ್ಲಿಯೂ ಒಂದನ್ನು ಚೀಟಿಯೆತ್ತಿದಂತೆ ಆರಿಸಿಕೊಂಡರು. ಆಯ್ದ ಊರುಗಳಲ್ಲಿ ಕೆಲವರು ತಾಯಂದಿರಿಗೆ ರೋಗಲಕ್ಷಣವನ್ನೂ, ವಯಸ್ಸಿಗೆ ತಕ್ಕಂತೆ ಕ್ಲೋರೋಕ್ವಿನ್ ಗುಳಿಗೆಯನ್ನು ಕೊಡುವ ಕ್ರಮವನ್ನೂ ಕಲಿಸಲಾಯಿತು. ಅವರು ನೆರೆಹೊರೆಯ ತಾಯಂದಿರಿಗೆ ಕಲಿಸಿದರು. 1997ರ ಒಂದು ವರ್ಷ ಇದು ನಡೆಯಿತು.

ಕಲಿಸಿದ ಊರುಗಳಲ್ಲಿ ಐದು ವರ್ಷದೊಳಗಿನ 6,383 ಮಕ್ಕಳ ಪೈಕಿ 190 ಮಂದಿ ತೀರಿಕೊಂಡರು. ಉಳಿದ ಊರುಗಳಲ್ಲಿ 7,294 ಮಕ್ಕಳ ಪೈಕಿ 366 ಮಂದಿ. ಎಂದರೆ ಮರಣವು ನೂರಕ್ಕೆ 40ರಷ್ಟು ಇಳಿಯಿತು. ಎರಡನೆಯ ಸಂಖ್ಯೆಯನ್ನು ಓದುವಾಗ ಮನಸ್ಸು ನೋಯದೆ ಇರದು; ಆದರೂ ಆ ಹೋಲಿಕೆಯಿಲ್ಲದಿದ್ದಲ್ಲಿ ತಾಯಂದಿರ ಸಾಮರ್ಥ್ಯವು ಬರಿಯ ನಂಬಿಕೆಯಾಗಿಯೇ ಉಳಿಯುತ್ತಿತ್ತು. ಕೆಲವು ಮರಣಗಳ ವಿಷಯವಾಗಿ ಮನೆಯವರನ್ನು ವಿಚಾರಿಸಲಾಗಿ, ಮಲೇರಿಯಾದಿಂದಾಗಿರಬಹುದೆಂದು ತೋರಿದುವು ಕಲಿಸಿದ ಊರುಗಳಲ್ಲಿ 70ಕ್ಕೆ 13, ಕಲಿಸದ ಊರುಗಳಲ್ಲಿ 120ಕ್ಕೆ 68.

ಈ ವೃತ್ತಾಂತವು 2000ದಲ್ಲಿ ಪ್ರಕಟವಾಯಿತು. ಉಗಾಂಡಾ ದೇಶವು 2002ರಲ್ಲಿ ಜ್ವರದ ಗುಳಿಗೆಗಳನ್ನು ವಯಸ್ಸಿಗನುಸಾರವಾಗಿ ಪೊಟ್ಟಣ ಕಟ್ಟಿ ಹಳ್ಳಿಗಳಲ್ಲಿ ಹಂಚತೊಡಗಿತು. ಅಷ್ಟರಲ್ಲಿ ರೋಗಾಣುವೇ ಕ್ಲೋರೋಕ್ವಿನ್ನಿಗೆ ಬಗ್ಗದಾಯಿತು; 2004ರಲ್ಲಿ ಇಥಿಯೋಪಿಯಾವು ಆರ್ಟಿಮಿಸಿನಿನ್ ವರ್ಗದ ಸಂಯುಕ್ತ ಔಷಧಕ್ಕೆ ತಿರುಗಿತು. ಜ್ವರವೆಲ್ಲವೂ ಮಲೇರಿಯಾ ಅಲ್ಲ, ಶ್ವಾಸಕೋಶದ ರೋಗವೂ ಇರಬಹುದು. ಆದುದರಿಂದ ಗುಳಿಗೆಗೆ ಮೊದಲು ರಕ್ತಪರೀಕ್ಷೆಯಾಗಲೆಂದು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಸೂಚಿಸಿತು. ಈಗ ಬೆರಳ ತುದಿಯ ಒಂದು ಹನಿ ರಕ್ತದಿಂದ ಅರ್ಧಗಂಟೆಯೊಳಗೆ ಅದು ತಿಳಿಯುತ್ತದೆ. ಮಲೇರಿಯಾ ಪೀಡಿತವಾದ ಭಾರತದ ಹಳ್ಳಿಗಳಲ್ಲಿಯೂ ಈ ಪರೀಕ್ಷೆಯನ್ನು ಆಶಾ ಕಾರ್ಯಕರ್ತೆಯರು ಮಾಡುತ್ತಾರೆ. ಮಗುವನ್ನು ಅವರಲ್ಲಿಗೆ ಹೊತ್ತು ತರುವವಳು ಮಾತ್ರ ಈಗಲೂ ತಾಯಿಯೇ.